ಬೇಡವೆಂದವರ ಮುಂದೆ ಹೂಡಿದ ಮುಷ್ಕರ

1985ರ ಮಾರ್ಚ್ 3ರ ಭಾನುವಾರ ಲಂಡನ್ನಿನಲ್ಲಿ ಸೇರಿದ ಬ್ರಿಟನ್ನಿನ ರಾಷ್ಟ್ರೀಯ ಗಣಿ ಕಾರ್ಮಿಕರ ಸಂಘದ ಪ್ರತಿನಿಧಿಗಳು 98ಕ್ಕೆ 91 ಮತಗಳಿಂದ ಕೆಲಸಕ್ಕೆ ಮರಳುವ ತೀರ್ಮಾನ ಮಾಡಿದರು. ಅವರ ಕೈಯಲ್ಲಿ ಯಾವ ಒಪ್ಪಂದವೂ ಇರಲಿಲ್ಲ. ಮುಚ್ಚಬಾರದೆಂದು ಅವರು ಹೋರಾಡಿದ್ದ ಗಣಿಗಳ ಬಗ್ಗೆ ಒಂದು ಸಾಲಿನ ಭರವಸೆಯೂ ಸಿಕ್ಕಿರಲಿಲ್ಲ, ಮುಷ್ಕರದ ಅವಧಿಯಲ್ಲಿ ವಜಾಗೊಂಡ ನೂರಾರು ಸಂಗಾತಿಗಳನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುವ ಮಾತೂ ಆಗಿರಲಿಲ್ಲ. ಎರಡು ದಿನಗಳ ನಂತರ, ಹಲವು ಊರುಗಳಲ್ಲಿ ಅವರು ಸಂಘದ ಪತಾಕೆ ಹಿಡಿದು, ಬ್ಯಾಂಡ್ ಬಾರಿಸಿಕೊಂಡು, ಮೆರವಣಿಗೆಯಲ್ಲಿಯೇ ಗಣಿಯ ಗೇಟಿಗೆ ಹೋದರು. ಸೋತವರು ಹೀಗೆ ಹೋದದ್ದನ್ನು ಕಂಡು ಆಗಲೂ ಈಗಲೂ ಜನ ಮರುಗಿದ್ದಾರೆ, ಮೆಚ್ಚಿದ್ದಾರೆ. ಆದರೆ ಒಂದು ವರ್ಷ ಕಾಲ ಸಂಬಳವಿಲ್ಲದೆ ನಿಂತ ಲಕ್ಷಕ್ಕೂ ಮಿಕ್ಕಿದ ಜನ ಬರಿಗೈಯಲ್ಲಿ ಮರಳಬೇಕಾಗಿ ಬಂದದ್ದೇಕೆ ಎಂಬ ಪ್ರಶ್ನೆಗೆ ಆ ಮೆಚ್ಚುಗೆಯಲ್ಲಿ ಉತ್ತರವಿಲ್ಲ.

ಸಾಮಾನ್ಯವಾಗಿ ಕೇಳಿಬರುವ ಉತ್ತರಗಳು ಎರಡು. ಎಡಪಂಥೀಯ ಗೆಳೆಯರನ್ನು ಕೇಳಿದರೆ ಮಾರ್ಗರೆಟ್ ಥ್ಯಾಚರ್ ಅವರ ಸರ್ಕಾರ ಪೊಲೀಸರನ್ನೂ ನ್ಯಾಯಾಲಯಗಳನ್ನೂ ಬಳಸಿ ಹೋರಾಟವನ್ನು ಹತ್ತಿಕ್ಕಿತು ಎನ್ನುತ್ತಾರೆ. ಉಳಿದವರನ್ನು ಕೇಳಿದರೆ ಸಂಘದ ಅಧ್ಯಕ್ಷ ಆರ್ಥರ್ ಸ್ಕಾರ್ಗಿಲ್ ಅವರ ಹಟವೇ ಎಲ್ಲರನ್ನೂ ಮುಳುಗಿಸಿತು ಎನ್ನುತ್ತಾರೆ. ಎರಡರಲ್ಲೂ ಸತ್ಯಾಂಶವಿದೆ. ಆದರೆ ಇವೆರಡಕ್ಕೂ ಹಿಂದೆ ಇನ್ನೊಂದು ಕಾರಣವಿದೆ ಎಂಬುದು ನನ್ನ ಎಣಿಕೆ. ಯಾವ ಉತ್ಪಾದನೆಯನ್ನು ನಿಲ್ಲಿಸಿ ಮಾಲೀಕನನ್ನು ಮಣಿಸಬೇಕೋ, ಆ ಉತ್ಪಾದನೆಯೇ ತನಗೆ ಬೇಡ ಎಂದು ಮಾಲೀಕ ಮೊದಲೇ ನಿರ್ಧರಿಸಿದ್ದರೆ ಮುಷ್ಕರದ ಬಲ ಅರ್ಧಕ್ಕರ್ಧ ಕುಸಿಯುತ್ತದೆ. ಇದು ನನಗೆ ಬ್ರಿಟನ್ನಿನ ಚರಿತ್ರೆಯಿಂದ ಹೊಳೆದದ್ದಲ್ಲ, ಮುಂಬಯಿಯ ಪರೇಲ್‌ನಿಂದ ಹೊಳೆದದ್ದು.

ಪರೇಲ್‌ನಲ್ಲಿ ಒಂದು ಬಟ್ಟೆ ಗಿರಣಿಯ ಗೇಟಿನ ಎದುರಿಗೆ ನಮ್ಮ ದೊಡ್ಡಪ್ಪನ ಹೋಟೆಲು ಇತ್ತು. ಕುಂದಾಪುರದ ಕಡೆಯಿಂದ ಹುಡುಗನಾಗಿದ್ದಾಗಲೇ ಬಂದು, ಕಪ್ಪು ಬಸಿ ತೊಳೆಯುವ ಕೆಲಸದಿಂದ ಆರಂಭಿಸಿ ಗಲ್ಲಾದವರೆಗೆ ಏರಿದವರು ಅವರು. ಹಗಲು ಹೋಟೆಲಿನಲ್ಲಿ ದುಡಿದು ಸಂಜೆ ಕಾಲೇಜಿಗೆ ಹೋಗುತ್ತಿದ್ದ ನನಗೆ ಉದರಿ ಪುಸ್ತಕ ಬರೆಯುವ ಕೆಲಸ ವಹಿಸಿದ್ದರು. ಕೆಂಪು ಬಟ್ಟೆಯ ರಟ್ಟಿನ ಆ ಉದ್ದನೆಯ ಪುಸ್ತಕದಲ್ಲಿ ಒಬ್ಬೊಬ್ಬ ಕಾರ್ಮಿಕನಿಗೆ ಒಂದೊಂದು ಪುಟ. ಮೇಲೆ ಹೆಸರು, ಅವನು ಕೆಲಸ ಮಾಡುವ ಖಾತೆ, ಪಾಳಿ. ಕೆಳಗೆ ಎರಡು ಚಹಾ, ಒಂದು ಉಸಳ ಪಾವ್, ಒಂದು ರೈಸ್ ಪ್ಲೇಟ್ ಎಂದು ಸಾಲು ಸಾಲಾಗಿ ಲೆಕ್ಕ. ಪಗಾರದ ದಿನ ಸಂಜೆ ಪುಟದ ಕೆಳಗೆ ಅಡ್ಡಗೆರೆ ಎಳೆದು ಬಾಕಿ ತೀರಿತೆಂದು ಬರೆಯುವುದು ಪದ್ಧತಿ. 1982ರ ಜನವರಿ 18ರಂದು ಡಾ. ದತ್ತಾ ಸಾಮಂತರ ನೇತೃತ್ವದಲ್ಲಿ ಗಿರಣಿಗಳ ಸುಮಾರು 2,50,000 ಕಾರ್ಮಿಕರು ಸಂಪು ಹೂಡಿದಾಗ ಗಿರಾಕಿಗಳು "ಅಣ್ಣಾ, ಗುಡಿಪಾಡವಾದೊಳಗೆ ಮುಗಿಯುತ್ತದೆ, ಬರೆದಿಟ್ಟುಕೊಳ್ಳಿ" ಎಂದರು. ದೊಡ್ಡಪ್ಪನೂ ನಂಬಿದರು, ನಾನೂ ಬರೆದೆ. ಪಾಡವಾ ಕಳೆದ ಮೇಲೆ ಊಟದ ಉದರಿ ನಿಂತು ಚಹಾದ ಉದರಿ ಮಾತ್ರ ಉಳಿಯಿತು. ಮಳೆಗಾಲದ ಹೊತ್ತಿಗೆ ಹಾಲಿನವನಿಗೆ ಕೊಡಲು ನಮ್ಮಲ್ಲೇ ಹಣವಿಲ್ಲದೆ ಅದೂ ನಿಂತಿತು. ರತ್ನಾಗಿರಿಯವರು, ಸಾತಾರದವರು ಒಬ್ಬೊಬ್ಬರಾಗಿ ಊರಿಗೆ ಹೊರಟರು. ಆ ಪುಟಗಳಿಗೆ ಅಡ್ಡಗೆರೆ ಎಳೆಯುವ ಸಂದರ್ಭ ಮತ್ತೆ ಬರಲಿಲ್ಲ.

ಆ ಕಾಲದಲ್ಲಿ ಯೂನಿಯನ್ನಿನ ಓದುಬಲ್ಲವರು ಗೇಟಿನ ಬಳಿ ಬ್ರಿಟನ್ನಿನ ಗಣಿ ಕಾರ್ಮಿಕರ ಉದಾಹರಣೆ ಕೊಡುತ್ತಿದ್ದುದು ನನಗೆ ನೆನಪಿದೆ, ಏಕೆಂದರೆ ಅಂದಿಗೆ ಅವರು ಗೆದ್ದವರಾಗಿದ್ದರು. 1972ರಲ್ಲಿ ಸಂಬಳಕ್ಕಾಗಿ ಅವರು ಮುಷ್ಕರ ಹೂಡಿದಾಗ ಬರ್ಮಿಂಗ್‌ಹ್ಯಾಮ್‌ನ ಸಾಲ್ಟ್‌ಲಿ ಎಂಬಲ್ಲಿದ್ದ ಕೋಕ್ (ಕಲ್ಲಿದ್ದಲಿನಿಂದ ತಯಾರಿಸುವ ಇಂಧನ) ದಾಸ್ತಾನಿನ ಗೇಟನ್ನು ಮುಚ್ಚಿಸಲು ಆ ನಗರದ ಇಂಜಿನಿಯರಿಂಗ್ ಕಾರ್ಖಾನೆಗಳ ಸಾವಿರಾರು ಕಾರ್ಮಿಕರು ಕೆಲಸ ಬಿಟ್ಟು ಬಂದು ನಿಂತಿದ್ದರು. ಪೊಲೀಸರು ಬೇರೆ ದಾರಿ ಕಾಣದೆ ಗೇಟು ಹಾಕಿಸಿದ್ದರು. ಅಲ್ಲಿ ಮುಂದೆ ನಿಂತು ಹೆಸರು ಮಾಡಿದ ಯುವಕನೇ ಸ್ಕಾರ್ಗಿಲ್. 1974ರಲ್ಲಿ ಮತ್ತೊಮ್ಮೆ ಗಣಿಯವರ ಹೋರಾಟದಿಂದ ಕಲ್ಲಿದ್ದಲಿನ ಕೊರತೆಯಾದಾಗ ಪ್ರಧಾನಿ ಎಡ್ವರ್ಡ್ ಹೀತ್ ಕಾರ್ಖಾನೆಗಳಿಗೆ ವಾರಕ್ಕೆ ಮೂರೇ ದಿನ ವಿದ್ಯುತ್ ಕೊಡಬೇಕಾಯಿತು. ದೇಶವನ್ನು ಆಳುವವರು ಯಾರು ಎಂದು ಕೇಳಿ ಚುನಾವಣೆಗೆ ಹೋದ ಅವರು ಅಧಿಕಾರ ಕಳೆದುಕೊಂಡರು. 1981ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಗಣಿಗಳನ್ನು ಮುಚ್ಚುವ ಯೋಜನೆಯನ್ನು ಗಣಿಯವರು ಕೆಲಸ ಬಿಟ್ಟು ವಿರೋಧಿಸಿದಾಗ ಥ್ಯಾಚರ್ ಕೂಡ ಹಿಂದೆ ಸರಿದಿದ್ದರು.

ಹಿಂದೆ ಸರಿದದ್ದು ಸೋತು ಅಲ್ಲ, ಸಿದ್ಧರಾಗಿರಲಿಲ್ಲವೆಂದು. ಹೀತ್ ಪತನವನ್ನು ಕನ್ಸರ್ವೇಟಿವ್ ಪಕ್ಷ ಮರೆತಿರಲಿಲ್ಲ. ಆ ಪಕ್ಷದ ನಿಕೊಲಸ್ ರಿಡ್ಲಿ ಅವರು ವಿರೋಧ ಪಕ್ಷದಲ್ಲಿದ್ದಾಗಲೇ ಸಿದ್ಧಪಡಿಸಿದ ವರದಿಯೊಂದು 1978ರಲ್ಲಿ ಸೋರಿಕೆಯಾಗಿ ಪತ್ರಿಕೆಯಲ್ಲಿ ಬಂದಿತ್ತು. ವಿದ್ಯುತ್ ಸ್ಥಾವರಗಳಲ್ಲಿ ಕಲ್ಲಿದ್ದಲನ್ನು ರಾಶಿ ಹಾಕಿಡಬೇಕು, ಆಮದಿಗೆ ಏರ್ಪಾಡು ಮಾಡಿಕೊಳ್ಳಬೇಕು, ಯೂನಿಯನ್ ಸೇರದ ಲಾರಿ ಚಾಲಕರನ್ನು ಗೊತ್ತುಮಾಡಿಟ್ಟುಕೊಳ್ಳಬೇಕು, ಸ್ಥಾವರಗಳನ್ನು ತೈಲದಿಂದಲೂ ನಡೆಯುವಂತೆ ಮಾಡಬೇಕು, ಮುಷ್ಕರ ನಿರತರಿಗೆ ಸಿಗುವ ಸರ್ಕಾರಿ ನೆರವನ್ನು ಕತ್ತರಿಸಬೇಕು, ಊರಿಂದೂರಿಗೆ ಸಾಗಬಲ್ಲ ದೊಡ್ಡ ಪೊಲೀಸ್ ಪಡೆ ಇರಬೇಕು ಎಂದು ಅದರಲ್ಲಿ ಬಿಡಿಬಿಡಿಯಾಗಿ ಬರೆದಿತ್ತು. 1984ರ ಹೊತ್ತಿಗೆ ಇದರಲ್ಲಿ ಬಹುಪಾಲು ನೆರವೇರಿತ್ತು. ಇಂಧನ ಸಚಿವರಾಗಿದ್ದ ನೈಜಲ್ ಲಾಸನ್ ದಾಸ್ತಾನು ಬೆಳೆಸಿದ್ದರು. ಉಕ್ಕಿನ ಉದ್ಯಮದಲ್ಲಿ ಸಾವಿರಗಟ್ಟಲೆ ಕೆಲಸ ಕಡಿದು ಹೆಸರಾಗಿದ್ದ ಇಯಾನ್ ಮೆಕ್‌ಗ್ರೆಗರ್, ಗಣಿಗಳ ಮಾಲೀಕನಾಗಿದ್ದ ಸರ್ಕಾರಿ ಕಲ್ಲಿದ್ದಲು ಮಂಡಳಿಯ ಅಧ್ಯಕ್ಷರಾಗಿ ಬಂದಿದ್ದರು. ಎದುರಾಳಿಯ ಯುದ್ಧಯೋಜನೆ ಆರು ವರ್ಷ ಮೊದಲೇ ಪತ್ರಿಕೆಯಲ್ಲಿ ಓದಲು ಸಿಕ್ಕಿದ್ದರೂ ಅದಕ್ಕೆ ತಕ್ಕ ಪ್ರತಿತಯಾರಿ ಸಂಘದ ಕಡೆಯಿಂದ ಆಗಲಿಲ್ಲ ಎಂಬುದು ನನಗೆ ಇಂದಿಗೂ ಅಚ್ಚರಿಯ ಸಂಗತಿ.

ಕಿಡಿ ಹೊತ್ತಿದ್ದು ಯಾರ್ಕ್‌ಶೈರ್‌ನ ಕಾರ್ಟನ್‌ವುಡ್ ಗಣಿಯನ್ನು ಮುಚ್ಚುವ ಪ್ರಕಟಣೆಯಿಂದ. 1984ರ ಮಾರ್ಚ್ 6ರಂದು ಮಂಡಳಿಯು ಒಂದು ವರ್ಷದಲ್ಲಿ 20 ಗಣಿಗಳನ್ನು ಮುಚ್ಚಿ 20,000 ಕೆಲಸಗಳನ್ನು ಕಡಿತಗೊಳಿಸುವುದಾಗಿ ತಿಳಿಸಿತು. ವಾರದೊಳಗೆ ಯಾರ್ಕ್‌ಶೈರ್, ಸ್ಕಾಟ್ಲೆಂಡ್, ಕೆಂಟ್ ಪ್ರದೇಶಗಳು ಮುಷ್ಕರದಲ್ಲಿದ್ದವು, ಸಂಘ ಅದನ್ನು ದೇಶವ್ಯಾಪಿ ಎಂದು ಘೋಷಿಸಿತು. ಚಳಿಗಾಲ ಮುಗಿಯುತ್ತಿತ್ತು, ವಿದ್ಯುತ್ ಬಳಕೆ ಇಳಿಯುತ್ತಿತ್ತು, ಸ್ಥಾವರಗಳ ಅಂಗಳದಲ್ಲಿ ಕಲ್ಲಿದ್ದಲು ಗುಡ್ಡವಾಗಿ ಬಿದ್ದಿತ್ತು. ಇಂಥ ಹೊತ್ತನ್ನು ಗಣಿಯವರು ಆರಿಸಿಕೊಂಡರೆಂದು ಹೇಳುವುದು ಸರಿಯಲ್ಲ, ಅದು ಅವರ ಮೇಲೆ ಬಂದು ಬಿತ್ತು. ಗಣಿ ಮುಚ್ಚುತ್ತೇವೆ ಎಂದವರಿಗೆ ನವೆಂಬರಿನಲ್ಲಿ ಉತ್ತರ ಕೊಡುತ್ತೇವೆ ಎನ್ನಲಾಗುವುದಿಲ್ಲ. ಸಂಬಳಕ್ಕಾಗಿ ಹೂಡುವ ಮುಷ್ಕರಕ್ಕೂ ಮುಚ್ಚುಗಡೆಯ ವಿರುದ್ಧ ಹೂಡುವ ಮುಷ್ಕರಕ್ಕೂ ಇರುವ ಅಂತರ ಇಲ್ಲಿಯೇ ಶುರುವಾಗುತ್ತದೆ. ಸಂಬಳದ ಜಗಳದಲ್ಲಿ ಮಾಲೀಕನಿಗೆ ಗಣಿ ನಡೆಯಬೇಕಾಗಿರುತ್ತದೆ, ಆದ್ದರಿಂದ ಪ್ರತಿ ದಿನದ ನಿಲುಗಡೆಯೂ ಅವನನ್ನು ಚುಚ್ಚುತ್ತದೆ. ಮುಚ್ಚುವ ಗಣಿಯಲ್ಲಿ ಕೆಲಸ ನಿಂತರೆ ಅವನ ಕೆಲಸವನ್ನೇ ಕಾರ್ಮಿಕರು ಮಾಡಿಕೊಟ್ಟಂತೆ. ಅವನನ್ನು ಮಣಿಸಬೇಕಾದರೆ ಅವನಿಗೆ ಬೇಕಾದ ಗಣಿಗಳನ್ನೂ, ಅಂದರೆ ಲಾಭದ ಗಣಿಗಳನ್ನೂ ನಿಲ್ಲಿಸಬೇಕು. ಅಂಥ ಗಣಿಗಳು ಹೆಚ್ಚಾಗಿ ಇದ್ದದ್ದು ನಾಟಿಂಗ್‌ಹ್ಯಾಮ್‌ಶೈರ್‌ನಲ್ಲಿ.

ನಾಟಿಂಗ್‌ಹ್ಯಾಮ್‌ಶೈರ್ ನಿಲ್ಲಲಿಲ್ಲ. ಅಲ್ಲಿಯವರು ತಮ್ಮಲ್ಲೇ ಮತದಾನ ನಡೆಸಿಕೊಂಡಾಗ ನೂರಕ್ಕೆ 73ರಷ್ಟು ಮಂದಿ ಮುಷ್ಕರಕ್ಕೆ ವಿರುದ್ಧವಾಗಿ ಮತ ಹಾಕಿದರು. ಇದನ್ನು ಬರಿಯ ಸ್ವಾರ್ಥವೆಂದು ತಳ್ಳಿಹಾಕುವವರು ಹಿನ್ನೆಲೆಯನ್ನು ನೋಡುವುದಿಲ್ಲ. 1926ರ ದೊಡ್ಡ ಹೋರಾಟದಲ್ಲೂ ಆ ಪ್ರದೇಶ ಬೇರೆಯಾಗಿ ತನ್ನದೇ ಸಂಘ ಕಟ್ಟಿಕೊಂಡಿತ್ತು. 1970ರ ದಶಕದ ಕೊನೆಯಲ್ಲಿ, ಅದೂ ಲೇಬರ್ ಸರ್ಕಾರದ ಕಾಲದಲ್ಲಿ, ಉತ್ಪಾದನೆಗೆ ತಕ್ಕ ಬೋನಸ್ ಕೊಡುವ ಪದ್ಧತಿಯನ್ನು ಪ್ರದೇಶವಾರು ಜಾರಿಗೆ ತಂದ ಮೇಲೆ, ದಪ್ಪ ಪದರದ ಕಲ್ಲಿದ್ದಲೂ ಹೊಸ ಯಂತ್ರಗಳೂ ಇದ್ದ ನಾಟಿಂಗ್‌ಹ್ಯಾಮ್‌ನವನ ಸಂಬಳಕ್ಕೂ ಹಳೆಯ, ಇಕ್ಕಟ್ಟಿನ ಗಣಿಯಲ್ಲಿ ಮೈಮುರಿಯುತ್ತಿದ್ದ ವೇಲ್ಸ್‌ನವನ ಸಂಬಳಕ್ಕೂ ಅಂತರ ಬೆಳೆಯಿತು. ಅದಕ್ಕೆ ಮುಂಚೆ ದೇಶದ ಎಲ್ಲ ಗಣಿಯವರೂ ಒಂದೇ ದರಕ್ಕಾಗಿ ಒಟ್ಟಿಗೆ ಹೋರಾಡುತ್ತಿದ್ದರು, 1972ರ ಒಗ್ಗಟ್ಟು ನಿಂತಿದ್ದುದು ಆ ನೆಲದ ಮೇಲೆ. ಆ ಬೋನಸ್ ಪದ್ಧತಿಯೇ ಮುಷ್ಕರವನ್ನು ಆರು ವರ್ಷ ಮೊದಲು ಒಳಗಿನಿಂದ ಸೀಳಿತ್ತು ಎಂದರೆ ಅತಿಶಯೋಕ್ತಿಯಾಗದು.

ಹೀಗೆ ಸೀಳಿದ್ದನ್ನು ಹೊಲಿಯಲು ಇದ್ದ ಒಂದೇ ಸಾಧನ ದೇಶವ್ಯಾಪಿ ಗುಪ್ತ ಮತದಾನ. ಸ್ಕಾರ್ಗಿಲ್ ಮತ್ತು ಅವರ ಜೊತೆಯವರು ಅದಕ್ಕೆ ಒಪ್ಪಲಿಲ್ಲ. ಏಪ್ರಿಲ್ 19ರ ವಿಶೇಷ ಪ್ರತಿನಿಧಿ ಸಭೆಯೂ 69ಕ್ಕೆ 54 ಮತಗಳಿಂದ ಅದನ್ನು ತಿರಸ್ಕರಿಸಿತು. ಅವರ ವಾದ ಹುಸಿಯಾದುದಲ್ಲ: ತನ್ನ ಗಣಿಗೆ ಏನೂ ಆಗದೆಂದು ನಂಬಿದವನು ಮತ ಹಾಕಿ ಇನ್ನೊಬ್ಬನ ಅನ್ನ ಕಿತ್ತುಕೊಳ್ಳುವ ಹಕ್ಕು ಪಡೆಯುವುದು ಯಾವ ನ್ಯಾಯ ಎಂದು ಅವರು ಕೇಳಿದರು. 1982 ಮತ್ತು 1983ರ ಮತದಾನಗಳಲ್ಲಿ ಸದಸ್ಯರು ಮುಷ್ಕರವನ್ನು ನಿರಾಕರಿಸಿದ್ದರಿಂದ ಅವರಿಗೆ ಅಳುಕೂ ಇದ್ದಿರಬೇಕು. ಆದರೆ ಏಪ್ರಿಲ್ ಹೊತ್ತಿಗೆ ಪರಿಸ್ಥಿತಿ ಬೇರೆಯಾಗಿತ್ತು. ಐವರಲ್ಲಿ ನಾಲ್ವರಷ್ಟು ಕಾರ್ಮಿಕರು ಆಗಲೇ ಹೊರಗಿದ್ದರು. ಗೆಲ್ಲಲು ಬೇಕಾದ ಬಹುಮತವನ್ನು ನೂರಕ್ಕೆ 55ರಿಂದ ಸರಳ ಬಹುಮತಕ್ಕೆ ಇಳಿಸಿದ್ದೂ ಅದೇ ಸಭೆಯೇ. ಗೆಲ್ಲಬಹುದಾಗಿದ್ದ ಮತದಾನವನ್ನು ನಡೆಸದೆ ಬಿಟ್ಟರು ಎಂಬುದೇ ನನ್ನ ತೀರ್ಮಾನ. ಅದರಿಂದ ಆದ ಹಾನಿ ನಾಟಿಂಗ್‌ಹ್ಯಾಮ್‌ಗೆ ಸೀಮಿತವಾಗಲಿಲ್ಲ. ಉಕ್ಕಿನವರು, ವಿದ್ಯುತ್ ಸ್ಥಾವರದವರು, ಲಾರಿಯವರು ಬೆಂಬಲ ಕೊಡದಿರಲು ಒಂದು ಒಳ್ಳೆಯ ನೆಪ ಸಿಕ್ಕಿತು. ಲೇಬರ್ ಪಕ್ಷದ ನಾಯಕ ನೀಲ್ ಕಿನ್ನಾಕ್, ಸ್ವತಃ ಗಣಿ ಕಾರ್ಮಿಕನ ಮಗನಾಗಿದ್ದರೂ, ಅಡ್ಡಗೋಡೆಯ ಮೇಲೆ ಕುಳಿತರು. ಸಂಘದ ಸದಸ್ಯರೇ ನ್ಯಾಯಾಲಯಕ್ಕೆ ಹೋಗಿ ಮುಷ್ಕರ ಸಂಘದ ನಿಯಮಕ್ಕೆ ವಿರುದ್ಧವೆಂದು ತೀರ್ಪು ತಂದರು. ಆ ತೀರ್ಪನ್ನು ಧಿಕ್ಕರಿಸಿದ್ದಕ್ಕೆ ಬಿದ್ದ 2,00,000 ಪೌಂಡ್ ದಂಡವನ್ನು ಕಟ್ಟದಿದ್ದಾಗ ಅಕ್ಟೋಬರಿನಲ್ಲಿ ಸಂಘದ ಆಸ್ತಿಯೆಲ್ಲ ಮುಟ್ಟುಗೋಲಾಯಿತು.

ಮುಂಬಯಿಯಲ್ಲಿ ಬೆಂಬಲದ ಪ್ರಶ್ನೆ ತಿರುವುಮುರುವಾಗಿತ್ತು. ಇಲ್ಲಿ ಕಾರ್ಮಿಕರೆಲ್ಲರೂ ಸಾಮಂತರ ಹಿಂದಿದ್ದರು, ಆದರೆ 1946ರ ಬಾಂಬೆ ಕೈಗಾರಿಕಾ ಸಂಬಂಧಗಳ ಕಾಯಿದೆಯ ಪ್ರಕಾರ ಮಾತುಕತೆಗೆ ಕೂರುವ ಹಕ್ಕು ಕಾಂಗ್ರೆಸ್ಸಿಗೆ ಸೇರಿದ ರಾಷ್ಟ್ರೀಯ ಮಿಲ್ ಮಜದೂರ್ ಸಂಘ ಒಂದಕ್ಕೇ ಇತ್ತು. ಅಷ್ಟು ಜನರ ಬೆಂಬಲವಿದ್ದರೂ ಡಾಕ್ಟರರು ಕಾನೂನಿನ ಕಣ್ಣಿಗೆ ಯಾರೂ ಆಗಿರಲಿಲ್ಲ. ಆದರೂ ಎರಡು ಊರುಗಳ ಸೋಲಿನ ಬುಡ ಒಂದೇ. ಹಲವು ಗಿರಣಿಗಳ ಗೋದಾಮಿನಲ್ಲಿ ಮಾರಾಟವಾಗದ ಬಟ್ಟೆ ಬಿದ್ದಿತ್ತು, ಭಿವಂಡಿ, ಇಚಲಕರಂಜಿ, ಮಾಲೇಗಾಂವ್‌ಗಳ ಪವರ್‌ಲೂಮುಗಳಲ್ಲಿ ಬಟ್ಟೆ ಇನ್ನೂ ಅಗ್ಗಕ್ಕೆ ನೇಯಿಸಿಕೊಳ್ಳಬಹುದಿತ್ತು. ಗಿರಣಿ ನಿಂತು ಎಷ್ಟು ತಿಂಗಳಾದರೂ ಅಂಗಡಿಗಳಲ್ಲಿ ಬಟ್ಟೆಗೆ ಬರ ಬರಲಿಲ್ಲ. ನಮ್ಮ ಹೋಟೆಲಿನ ಬಾಕಿನ ಮೇಲೆ ಕುಳಿತ ಕಾರ್ಮಿಕರು ಮಾಲೀಕರು ಈ ವಾರ ಕರೆಯುತ್ತಾರೆ, ಮುಂದಿನ ವಾರ ಕರೆಯುತ್ತಾರೆ ಎಂದು ಕಾಯುತ್ತಿದ್ದರು. ಹಳೆಯ ಯಂತ್ರಗಳಿಗಿಂತ ಅವು ನಿಂತ ನೆಲವೇ ಹೆಚ್ಚು ಬೆಲೆಬಾಳುತ್ತದೆ ಎಂಬುದು ಎಷ್ಟು ಮಾಲೀಕರಿಗೆ ಆಗಲೇ ಹೊಳೆದಿತ್ತೋ, ಇಂದು ಲೋವರ್ ಪರೇಲ್‌ನಲ್ಲಿ ಇಳಿದು ನೋಡಿದವರು ಊಹಿಸಿಕೊಳ್ಳಬಹುದು. ಆ ಸಂಪು ಅಧಿಕೃತವಾಗಿ ಮುಗಿಯಲೇ ಇಲ್ಲ.

ಬ್ರಿಟನ್ನಿನಲ್ಲಿ ಪೊಲೀಸರ ಪಾತ್ರವನ್ನು ಕಡಿಮೆ ಮಾಡಿ ಹೇಳುವ ಉದ್ದೇಶ ನನಗಿಲ್ಲ. ಕೆಂಟ್‌ನಿಂದ ಹೊರಟ ಗಣಿಯವರನ್ನು ನೂರಾರು ಮೈಲಿ ದೂರದ ನಾಟಿಂಗ್‌ಹ್ಯಾಮ್ ತಲುಪದಂತೆ ಲಂಡನ್ನಿನ ಬಳಿಯ ಡಾರ್ಟ್‌ಫರ್ಡ್ ಸುರಂಗದಲ್ಲಿಯೇ ತಡೆದು ಹಿಂದಕ್ಕೆ ಕಳಿಸಲಾಯಿತು. ಜೂನ್ 18ರಂದು ಆರ್‌ಗ್ರೀವ್‌ನ ಕೋಕ್ ಘಟಕದ ಮುಂದೆ ಸಾವಿರಾರು ಕಾರ್ಮಿಕರ ಮೇಲೆ ಕುದುರೆ ಪೊಲೀಸರು ನುಗ್ಗಿದರು. ದೊಂಬಿಯ ಆರೋಪ ಹೊರಿಸಿದ ಮೊಕದ್ದಮೆಗಳು ಮರುವರ್ಷ ಪೊಲೀಸ್ ಸಾಕ್ಷ್ಯ ನಂಬಲರ್ಹವಲ್ಲದ್ದರಿಂದ ಬಿದ್ದುಹೋದವು. ವರ್ಷದಲ್ಲಿ 11,000ಕ್ಕೂ ಹೆಚ್ಚು ಬಂಧನಗಳಾದವು. ಆದರೆ ಆರ್‌ಗ್ರೀವ್ ಎರಡನೇ ಸಾಲ್ಟ್‌ಲಿ ಆಗಲಿಲ್ಲವೆಂದರೆ ಅದಕ್ಕೆ ಕುದುರೆಗಳಷ್ಟೇ ಕಾರಣವಲ್ಲ. ಸಾಲ್ಟ್‌ಲಿಯಲ್ಲಿ ಗೇಟು ಮುಚ್ಚಿಸಿದ್ದು ಬೇರೆ ಉದ್ಯಮದ ಕಾರ್ಮಿಕರು, ಆರ್‌ಗ್ರೀವ್‌ನಲ್ಲಿ ಅವರು ಬರಲಿಲ್ಲ. ಲೆಸ್ಟರ್‌ಶೈರ್‌ನ ಕೋಲ್‌ವಿಲ್‌ನಂಥ ಕಡೆ ರೈಲ್ವೆಯವರು ಕಲ್ಲಿದ್ದಲು ಸಾಗಿಸಲು ಖಡಾಖಂಡಿತವಾಗಿ ನಿರಾಕರಿಸಿದ್ದು ನಿಜ, ಆದರೆ ಅದೇ ಕಲ್ಲಿದ್ದಲು ಲಾರಿಗಳಲ್ಲಿ ಹೋಯಿತು.

ಒಂದೇ ಒಂದು ಸಲ ಸರ್ಕಾರದ ಕಾಲ ಕೆಳಗಿನ ನೆಲ ಅಲುಗಿತ್ತು. ಗಣಿಯೊಳಗಿನ ಸುರಕ್ಷತೆಯ ಮೇಲ್ವಿಚಾರಣೆ ನಡೆಸುವ ಡೆಪ್ಯುಟಿಗಳಿಗೆ ನ್ಯಾಕಾಡ್ಸ್ ಎಂಬ ತಮ್ಮದೇ ಸಂಘವಿತ್ತು. ಅವರಿಲ್ಲದೆ ಯಾರನ್ನೂ ಗಣಿಯೊಳಗೆ ಇಳಿಸುವುದು ಕಾನೂನುಬಾಹಿರ. ಮುಷ್ಕರದಲ್ಲಿ ಇರದಿದ್ದ ಅವರು ಸಾಮಾನ್ಯವಾಗಿ ಪಿಕೆಟ್, ಅಂದರೆ ಗೇಟಿನ ಬಳಿ ಮುಷ್ಕರದವರು ಹಾಕಿದ ಅಡ್ಡಗಾವಲು, ದಾಟದೆ ಮನೆಗೆ ಮರಳಿ, ಸಂಬಳ ಪಡೆಯುತ್ತಿದ್ದರು. ಪಿಕೆಟ್ ದಾಟಲೇಬೇಕು, ಇಲ್ಲವಾದರೆ ಸಂಬಳವಿಲ್ಲ ಎಂದು ಮಂಡಳಿ ಆಗಸ್ಟ್‌ನಲ್ಲಿ ಸುತ್ತೋಲೆ ಹೊರಡಿಸಿತು. ಶಾಂತ ಸ್ವಭಾವದ ಆ ಸಂಘ ಕೆರಳಿ ಸೆಪ್ಟೆಂಬರಿನಲ್ಲಿ ಮತದಾನ ನಡೆಸಿದಾಗ ನೂರಕ್ಕೆ 82ಕ್ಕೂ ಹೆಚ್ಚು ಮಂದಿ ಮುಷ್ಕರಕ್ಕೆ ಒಪ್ಪಿದರು. ಅವರು ಹೊರಬಂದಿದ್ದರೆ ಒಂದೇ ದಿನದಲ್ಲಿ ನಾಟಿಂಗ್‌ಹ್ಯಾಮ್‌ನ ಗಣಿಗಳೂ ನಿಲ್ಲುತ್ತಿದ್ದವು, ಅದೂ ಚಳಿಗಾಲದ ಹೊಸ್ತಿಲಲ್ಲಿ, ಅದೂ ಯಾರೂ ಬೆರಳು ತೋರಿಸಲಾಗದ ಮತದಾನದ ಬಲದಿಂದ. ಸರ್ಕಾರ ಗಾಬರಿಗೊಂಡು ಸುತ್ತೋಲೆಯನ್ನು ಹಿಂತೆಗೆಸಿತು. ಮುಚ್ಚುವ ಗಣಿಗಳನ್ನು ಸ್ವತಂತ್ರ ಸಮಿತಿಯೊಂದು ಪರಿಶೀಲಿಸುವ ಏರ್ಪಾಡನ್ನು ಮುಂದಿಟ್ಟಿತು. ಅಕ್ಟೋಬರ್ ಕೊನೆಯಲ್ಲಿ ಡೆಪ್ಯುಟಿಗಳು ಅದಕ್ಕೆ ಒಪ್ಪಿ ಮುಷ್ಕರ ಕೈಬಿಟ್ಟರು. ಗಣಿ ಕಾರ್ಮಿಕರ ಸಂಘ ಒಪ್ಪಲಿಲ್ಲ. ಆ ಸಮಿತಿಯ ಮಾತು ಮಂಡಳಿಯನ್ನು ಕಟ್ಟಿಹಾಕುವಂಥದ್ದಾಗಿರಲಿಲ್ಲ, ಮುಂದೆ ಅದರಿಂದ ಹೇಳಿಕೊಳ್ಳುವಂಥ ಪ್ರಯೋಜನವೂ ಆಗಲಿಲ್ಲ, ಆದ್ದರಿಂದ ಸ್ಕಾರ್ಗಿಲ್ ಅನುಮಾನ ಸರಿಯಾಗಿಯೇ ಇತ್ತು. ಆದರೂ ಆ ಅಕ್ಟೋಬರಿನಲ್ಲಿ ಅದೇ ಒಪ್ಪಂದವನ್ನು ಅವರೂ ಹಿಡಿದುಕೊಂಡು, ಗೆದ್ದೆವೆಂದು ಹೇಳಿ, ಒಗ್ಗಟ್ಟಾಗಿ ಒಳಗೆ ಹೋಗಿದ್ದರೆ ಸಂಘವಾದರೂ ಉಳಿಯುತ್ತಿತ್ತು ಎಂದು ನನಗೆ ಅನ್ನಿಸುತ್ತದೆ. ಹೊರಬರುವ ಬಾಗಿಲು ಎಲ್ಲಿದೆ ಎಂದು ನೋಡಿಟ್ಟುಕೊಳ್ಳದ ನಾಯಕತ್ವ ಅಲ್ಲಿಯೂ ಇತ್ತು, ಪರೇಲ್‌ನಲ್ಲಿಯೂ ಇತ್ತು.

ಅಲ್ಲಿಂದ ಮುಂದಿನದು ಹಸಿವಿನ ಲೆಕ್ಕ. ಗಣಿಯೂರುಗಳ ಹೆಂಗಸರು ಸಾರ್ವಜನಿಕ ಅಡುಗೆಮನೆಗಳನ್ನು ನಡೆಸಿ, ದೇಶವೆಲ್ಲ ಸುತ್ತಿ ಚಂದಾ ಎತ್ತಿ, ಮುಷ್ಕರವನ್ನು ತಿಂಗಳುಗಟ್ಟಲೆ ಹೊತ್ತು ನಿಂತರು. ನಮ್ಮ ಗಿರಣಿಯವರಿಗೆ ಹೋಗಲು ಕೊಂಕಣದಲ್ಲೋ ಘಟ್ಟದಲ್ಲೋ ಒಂದು ತುಂಡು ಹೊಲವಾದರೂ ಇತ್ತು. ಯಾರ್ಕ್‌ಶೈರ್‌ನವನಿಗೆ ಗಣಿಯೂರೇ ಊರು, ಅಲ್ಲಿ ದುಡಿಮೆಯೂ ಒಂದೇ. ಸಂಘ ಮುಷ್ಕರ ಭತ್ಯೆ ಕೊಡುತ್ತದೆಂದು ಊಹಿಸಿಕೊಂಡು ಸರ್ಕಾರ ಕುಟುಂಬಗಳ ನೆರವಿನಿಂದ ವಾರವಾರ ಹಣ ಮುರಿದುಕೊಳ್ಳುತ್ತಿತ್ತು, ಆ ಭತ್ಯೆ ಯಾರಿಗೂ ಸಿಗುತ್ತಿರಲಿಲ್ಲ. ನವೆಂಬರಿನಲ್ಲಿ ಮಂಡಳಿ ಕ್ರಿಸ್‌ಮಸ್ ಬೋನಸ್ಸಿನ ಆಸೆ ತೋರಿಸಿತು. ಆ ತಿಂಗಳ ಕೊನೆಯಲ್ಲಿ ಸೌತ್ ವೇಲ್ಸ್‌ನಲ್ಲಿ, ಕೆಲಸಕ್ಕೆ ಹೊರಟವನೊಬ್ಬನನ್ನು ಕರೆದೊಯ್ಯುತ್ತಿದ್ದ ಟ್ಯಾಕ್ಸಿಯ ಮೇಲೆ ಸೇತುವೆಯಿಂದ ಕಾಂಕ್ರೀಟ್ ದಿಮ್ಮಿ ಬಿದ್ದು ಚಾಲಕ ಸತ್ತಾಗ ಉಳಿದಿದ್ದ ಸಾರ್ವಜನಿಕ ಸಹಾನುಭೂತಿಯೂ ಕರಗಿತು. ಜನವರಿಯಿಂದ ಮರಳುವವರ ಸಾಲು ಬೆಳೆಯಿತು. ಅರ್ಧಕ್ಕಿಂತ ಹೆಚ್ಚು ಮಂದಿ ಮರಳಿದ್ದಾರೆಂದು ಫೆಬ್ರವರಿ 27ರಂದು ಮಂಡಳಿ ಸಾರಿತು. ಚಳಿಗಾಲವಿಡೀ ಬ್ರಿಟನ್ನಿನಲ್ಲಿ ವಿದ್ಯುತ್ ಕಡಿತವಾಗಲಿಲ್ಲ.

ಸ್ಕಾರ್ಗಿಲ್ ಮುಷ್ಕರದ ಉದ್ದಕ್ಕೂ ಒಂದು ಮಾತನ್ನು ಹೇಳುತ್ತಲೇ ಇದ್ದರು: 20 ಗಣಿಗಳೆಂಬುದು ಸುಳ್ಳು, ಎಪ್ಪತ್ತು ಗಣಿಗಳ ಗುಪ್ತ ಪಟ್ಟಿಯಿದೆ. ಮೆಕ್‌ಗ್ರೆಗರ್ ಪ್ರತಿ ಕಾರ್ಮಿಕನ ಮನೆಗೂ ಪತ್ರ ಬರೆದು ಅದನ್ನು ಅಲ್ಲಗಳೆದರು. 2014ರಲ್ಲಿ ಬಿಡುಗಡೆಯಾದ ಸರ್ಕಾರಿ ಕಾಗದಪತ್ರಗಳಲ್ಲಿ ಮೂರು ವರ್ಷಗಳಲ್ಲಿ 75 ಗಣಿಗಳನ್ನು ಮುಚ್ಚಿ 64,000 ಕೆಲಸಗಳನ್ನು ಕಡಿಯುವ ಯೋಜನೆ ಮೆಕ್‌ಗ್ರೆಗರ್ ಅವರದೇ ಆಗಿತ್ತೆಂಬುದು ಕಂಡುಬಂತು. ಹಾಗಾಗಿ ಏನು ನಡೆಯಲಿದೆ ಎಂಬುದರಲ್ಲಿ ಸ್ಕಾರ್ಗಿಲ್ ಸರಿಯಿದ್ದರು. ಅದನ್ನು ನಾಟಿಂಗ್‌ಹ್ಯಾಮ್‌ನವರಿಗೆ ನಂಬಿಸುವುದರಲ್ಲಿ ಸೋತರು. ನಂಬಿಸುವ ಕೆಲಸಕ್ಕೆ ಅವರು ಪಿಕೆಟ್ ಕಳಿಸಿದರು. ದೇಶವ್ಯಾಪಿ ಮತದಾನ ಗೊತ್ತಾಗಿದ್ದರೆ ಗಣಿಗಣಿಗೂ ಹೋಗಿ, ಎದುರು ಕುಳಿತು, ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತಿತ್ತು, ಆಗ ಆ ಎಪ್ಪತ್ತರ ಪಟ್ಟಿಯ ಮಾತು ಪೊಲೀಸ್ ಸಾಲಿನ ಆಚೆಯಿಂದ ಕೂಗಿ ಹೇಳುವ ಘೋಷಣೆಯಾಗಿ ಉಳಿಯುತ್ತಿರಲಿಲ್ಲ. ಮುಷ್ಕರದ ಉದ್ದಕ್ಕೂ ಕೆಲಸ ಮಾಡಿದ, 1985ರಲ್ಲಿ ತಮ್ಮದೇ ಪ್ರತ್ಯೇಕ ಸಂಘ ಕಟ್ಟಿಕೊಂಡ, ಸರ್ಕಾರ ತಮ್ಮನ್ನು ಕೈಬಿಡದೆಂದು ನಂಬಿದ ಆ ಗಣಿಯವರ ಹಲವು ಗಣಿಗಳೂ 1992ರ ಅಕ್ಟೋಬರಿನಲ್ಲಿ ಪ್ರಕಟವಾದ 31 ಗಣಿಗಳ ಮುಚ್ಚುಗಡೆಯ ಪಟ್ಟಿಯಲ್ಲಿದ್ದವು, ಮತ್ತು ನಾಟಿಂಗ್‌ಹ್ಯಾಮ್‌ಶೈರ್‌ನ ಕೊನೆಯ ಗಣಿಯಾದ ಥೋರ್ಸ್‌ಬಿ 2015ರಲ್ಲಿ, ಯಾರ್ಕ್‌ಶೈರ್‌ನ ಕೆಲ್ಲಿಂಗ್ಲಿಗಿಂತ ಕೆಲವೇ ತಿಂಗಳು ಮೊದಲು, ಮುಚ್ಚಿತು.